ಶಿವಲಿಂಗಯ್ಯ ತುಳಿದು ನೋಡದ ಬ್ರೇಕು

ಮೈಸೂರಿನ ಲಷ್ಕರ್ ಮೊಹಲ್ಲಾದ ಬೀದಿನಾಯಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವಾಗಲೂ ಶಿವಲಿಂಗಯ್ಯನ ಅಂಗಡಿ ಬಂದರೆ ನಿಧಾನ ಮಾಡುತ್ತವೆ. ಅಂಗಡಿಯ ಮುಂದೆ ಮರ್ಯಾದಸ್ಥರ ಹಾಗೆ ನಡೆದು, ದಾಟಿದ ಮೇಲೆ ಮತ್ತೆ ಓಡುತ್ತವೆ. ನಂಬದವರು ಬಂದು ನೋಡಬಹುದು. ಒಬ್ಬ ಮನುಷ್ಯ ನಲವತ್ತಮೂರು ವರ್ಷ ಒಂದೇ ಜಾಗದಲ್ಲಿ ಕೂತು ಬರೀ ನಿಲ್ಲಿಸುವ ಕೆಲಸವನ್ನೇ ಮಾಡಿದರೆ ಆ ನೆಲಕ್ಕೇ ಒಂದು ಗುಣ ಬಂದುಬಿಡುತ್ತದೆ.

ಅವನು ಬ್ರೇಕು ಬಿಟ್ಟು ಬೇರೆ ಏನನ್ನೂ ಮುಟ್ಟಿದವನಲ್ಲ. ಇಂಜಿನ್ನು ಕೆಮ್ಮುತ್ತಿದೆ ಎಂದು ಯಾರಾದರೂ ಬಂದರೆ ಪಕ್ಕದ ಬೀದಿಗೆ ಕೈ ತೋರಿಸುತ್ತಿದ್ದ. “ಗಾಡಿ ಓಡ್ಸೋಕೆ ಊರು ತುಂಬಾ ಜನ ಅವ್ರೆ ಕಣ್ರೀ. ನಿಲ್ಸೋಕೆ ಒಬ್ನಾದ್ರೂ ಬೇಡ್ವಾ?” ಅನ್ನುತ್ತಿದ್ದ. ಅವನ ಕಿವಿಯೂ ಅಂಥದ್ದೇ. ಅಶೋಕ ರಸ್ತೆಯಲ್ಲಿ ಯಾವುದೋ ಕಾರು ಬ್ರೇಕು ಹಾಕಿದರೆ ಇಲ್ಲಿ ಕೂತಲ್ಲಿಂದಲೇ, “ಹಿಂದಿನ ಬಲಗಡೆ ಲೈನರ್ ಸವೆದೋಗಿದೆ. ಡ್ರೈವರ್ ಮನೇಲಿ ಹೆಂಡ್ತಿ ಜೊತೆ ಜಗಳ ಆಡ್ಕೊಂಡು ಬಂದವ್ನೆ” ಎಂದು ಎರಡೂ ರಿಪೋರ್ಟು ಒಟ್ಟಿಗೆ ಕೊಡುತ್ತಿದ್ದ. ಮೊದಲನೆಯದು ಯಾವತ್ತೂ ಸುಳ್ಳಾಗಿರಲಿಲ್ಲ. ಎರಡನೆಯದನ್ನು ವಿಚಾರಿಸಲು ನಾವು ಯಾರೂ ಹೋಗಲಿಲ್ಲ.

ನಗಿಸುವ ಮಾತು ಇಷ್ಟೇ. ಉಳಿದಂತೆ ಅವನು ಭಯಸ್ಥ. ಬ್ರೇಕಿನ ಒಳಗನ್ನು ಬಲ್ಲವನು ಧೈರ್ಯವಾಗಿ ರಸ್ತೆ ದಾಟುವುದಿಲ್ಲ ಎಂದು ನನಗೆ ಗೊತ್ತಾದದ್ದು ಅವನಿಂದಲೇ. ಬಸ್ಸು ಹತ್ತುತ್ತಿರಲಿಲ್ಲ, ಆಟೋದಲ್ಲಿ ಕೂರುತ್ತಿರಲಿಲ್ಲ. ಅವನ ಹಳೆಯ ಮೊಪೆಡ್ಡು ಒಂದನ್ನೇ ನಂಬಿದ್ದ. ಅದರ ಬ್ರೇಕನ್ನು ಬೇರೆಯವರು ಮುಟ್ಟುವುದಿರಲಿ, ನೋಡಲೂ ಬಿಡುತ್ತಿರಲಿಲ್ಲ.

ಅವನ ಅಂಗಡಿಗೆ ಒಂದೇ ಕಟ್ಟುಪಾಡು: ಶಿವಲಿಂಗಯ್ಯ ತಾನೇ ಕೂತು, ತನ್ನದೇ ಕಾಲಿನಿಂದ ತುಳಿದು ನೋಡದೆ ಯಾವ ಗಾಡಿಯೂ ಹೊರಗೆ ಹೋಗುವಂತಿಲ್ಲ. ಮಂತ್ರಿಯ ಗಾಡಿಯಾದರೂ ಸರಿ, ಮದುವೆ ದಿಬ್ಬಣದ ಗಾಡಿಯಾದರೂ ಸರಿ. ಇದು ಅವನು ಕೆಲಸ ಕಲಿಯುತ್ತಿದ್ದಾಗ ಹುಟ್ಟಿದ ಕಟ್ಟುಪಾಡು. ಅವನ ಉಸ್ತಾದರು ಒಂದು ಸಂಜೆ ನಮಾಜಿಗೆ ಹೊತ್ತಾಯಿತೆಂದು ಲಾರಿಯೊಂದನ್ನು ತುಳಿದು ನೋಡದೆ ಕಳಿಸಿದ್ದರಂತೆ. ಮಾರನೆಯ ದಿನ ಅಂಗಡಿಗೆ ವಾಪಸು ಬಂದದ್ದು ಡ್ರೈವರನ ಒಂದು ಜೊತೆ ಚಪ್ಪಲಿ. ಅದಕ್ಕಿಂತ ಹೆಚ್ಚಿಗೆ ಅವನು ಯಾವತ್ತೂ ಹೇಳಲಿಲ್ಲ. ಮೂರು ಊರಿಗಾಗುವಷ್ಟು ಬಾಯಿರುವ ನಾನೂ ಕೇಳಲಿಲ್ಲ.

ಕಳೆದ ಶ್ರಾವಣದಲ್ಲಿ ಚಾಮರಾಜಪುರಂನ ವಾಗೀಶ ಮೇಷ್ಟ್ರು ತಮ್ಮ ಅಂಬಾಸಿಡರನ್ನು ತಂದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ರಿಟೈರಾದವರು. ಇರುವೆಗೂ ಹಾರನ್ ಹೊಡೆದು ದಾರಿ ಬಿಡಿಸಿಕೊಳ್ಳುವಷ್ಟು ಸಾಧು. ಕಾರು ಅವರ ತಂದೆ ನಂಜಯ್ಯನವರು ಅರವತ್ತನಾಲ್ಕನೇ ಇಸವಿಯಲ್ಲಿ ಕೊಂಡದ್ದು. ಕೆನೆಬಣ್ಣ, ಆನೆಯ ಬೆನ್ನು, ಒಳಗೆ ಕೂತರೆ ಸಣ್ಣದೊಂದು ಕಲ್ಯಾಣಮಂಟಪ. ಆವತ್ತು ಮೇಷ್ಟ್ರ ಮುಖ ಮಾತ್ರ ಬಿಳಿಚಿಕೊಂಡಿತ್ತು.

“ಶಿವಲಿಂಗಯ್ಯನೋರೇ, ಇವತ್ತು ಕೆಂಚಮ್ಮನ್ನ ಕೊಂದುಬಿಡ್ತಿದ್ದೆ” ಅಂದರು.

ಕೆಂಚಮ್ಮ ಅವರ ಬೀದಿ ತುದಿಯಲ್ಲಿ ಹೂವು ಮಾರುವವಳು. ಬ್ರೇಕು ತುಳಿದರೂ ಕಾರು ತನ್ನ ಪಾಡಿಗೆ ತಾನು ಹೋಗಿ ಅವಳ ಬುಟ್ಟಿಯ ಮೇಲೆ ನಿಂತಿತ್ತಂತೆ. ಅವಳ ಮೊಣಕಾಲಿಗೂ ಬಂಪರಿಗೂ ನಡುವೆ ಒಂದು ಮೊಳ ಮಲ್ಲಿಗೆ ಹಿಡಿಯುವಷ್ಟು ಜಾಗವೂ ಇರಲಿಲ್ಲವಂತೆ.

“ಡ್ರಮ್ ಬ್ರೇಕು ಮೇಷ್ಟ್ರೇ. ನಿಮ್ಮಪ್ಪಾಜಿ ಕಾಲ್ದಲ್ಲಿ ರಸ್ತೇಲಿ ಇದ್ದದ್ದೇ ನಾಕು ಕಾರು. ಆಗ ಸಾಕಾಗಿತ್ತು.”

“ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಬಿಡಿ. ಬೂಸ್ಟರ್ ಹಾಕಿ. ಏನು ಬೇಕೋ ಮಾಡಿ. ಅಮ್ಮನನ್ನ ಕೂರಿಸಿಕೊಂಡು ಓಡಾಡೋ ಗಾಡಿ ಇದು. ಅವರಿಗೆ ಎಂಬತ್ತೆರಡು.”

ಶಿವಲಿಂಗಯ್ಯ ಮುಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತ. ಹೊಸ ಗಾಡಿಗಳ ಡಿಸ್ಕುಗಳನ್ನು ಎಷ್ಟೋ ರಿಪೇರಿ ಮಾಡಿದ್ದ. ಆದರೆ ಹಳೆಯ ಗಾಡಿಯ ಡ್ರಮ್ ಕಿತ್ತು ಆ ಜಾಗಕ್ಕೆ ಡಿಸ್ಕು ಕೂರಿಸಿದವನಲ್ಲ. ಕೊನೆಗೆ ಒಪ್ಪಿಕೊಂಡ. ಅದೇ ಗಾಡಿಯ ಆಮೇಲಿನ ಮಾದರಿಯ ಡಿಸ್ಕಿನ ಸೆಟ್ಟನ್ನು ಒಂದು ತಿಂಗಳು ಹುಡುಕಿ ತರಿಸಿದ. ಮೂರು ವಾರ ಕೂತ. ಆ ಮೂರು ವಾರದಲ್ಲಿ ಅವನು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಒಂದು ಪೋಸ್ಟ್‌ಕಾರ್ಡ್ ಕೂಡ ತುಂಬುವುದಿಲ್ಲ. ಒಂದು ದಿನ ಮಾತ್ರ, ಅಂಗಡಿಯ ಬೆಂಚಿನ ಖಾಯಂ ಗಿರಾಕಿಯಾದ ನನ್ನ ಕಡೆ ತಿರುಗಿ ಹೇಳಿದ:

“ಡ್ರಮ್ನಲ್ಲಿ ಹಿಡಿಯೋ ಜಾಗ ಒಳಗೆ ಮುಚ್ಕೊಂಡಿರುತ್ತೆ ಕಣೋ ಶಿವರಾಮು. ಇದು ನೋಡು, ತಟ್ಟೆ ಥರ ಬೆತ್ತಲೆ ನಿಂತದೆ. ಬಾಗ್ಲಿಲ್ದೇ ಇರೋ ಮನೆ. ಯಾರ ಕೈ ಬೇಕಾದ್ರೂ ಒಳಗೋಗ್ಬೋದು.”

“ಕಳ್ಳರು ಬಂದು ನಿನ್ನ ಡಿಸ್ಕನ್ನ ಮುಟ್ಟಿ ಹೋಗ್ತಾರಾ?” ಅಂದೆ.

ಅವನು ಮತ್ತೆ ಸ್ಪ್ಯಾನರು ಎತ್ತಿಕೊಂಡ.

ಆಯುಧಪೂಜೆಗೆ ಮೂರು ದಿನ ಇದ್ದಾಗ ಕೆಲಸ ಮುಗಿಯಿತು. ನನ್ನನ್ನೇ ಪಕ್ಕಕ್ಕೆ ಕೂರಿಸಿಕೊಂಡು ರಾಜೀವನಗರದ ಕಡೆ ಹೋಗಿ ತುಳಿದು ನೋಡಿದ. ಅಯ್ಯಯ್ಯೋ, ಅದು ಬ್ರೇಕಲ್ಲ, ಗೋಡೆ! ಕಾರು ನಿಂತಿತು, ನನ್ನ ಹಲ್ಲುಸೆಟ್ಟು ನಿಲ್ಲದೆ ಗಾಜಿನ ತನಕ ಹೋಗಿ ಬಂತು. ನಾಲ್ಕು ಸಲ ತುಳಿದ. ನಾಲ್ಕು ಸಲವೂ ಗೆರೆ ಎಳೆದ ಹಾಗೆ ನೇರ ನಿಂತಿತು. ಶಿವಲಿಂಗಯ್ಯನ ಮುಖದಲ್ಲಿ ನಗುವಿನ ಹಾಗಿನ ಏನೋ ಒಂದು ಬಂದು ಹೋಯಿತು.

ಆದರೆ ಕಾರನ್ನು ಆವತ್ತೇ ಒಪ್ಪಿಸಲಿಲ್ಲ. ಚಕ್ರದ ರಿಮ್ಮುಗಳಿಗೂ ಕೆನೆಬಣ್ಣ ಹೊಡೆಸಬೇಕೆಂದು ಮೇಷ್ಟ್ರಿಗೆ ಆಸೆ. ಮುಂದಿನ ಎರಡೂ ಚಕ್ರ ಬಿಚ್ಚಿ ಪೇಂಟಿನವನಿಗೆ ಕಳಿಸಿ, ಕಾರನ್ನು ಅಂಗಡಿಯ ಒಳಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಬಲಗಡೆ ಗೋಡೆಗೆ ಅಂಟಿಕೊಂಡ ಹಾಗೆ, ಸಣಕಲ ಹುಡುಗನೊಬ್ಬ ತೂರುವಷ್ಟೇ ಸಂದು ಬಿಟ್ಟು, ಎಡಗಡೆ ಬಾಗಿಲ ಕಡೆಗೆ. ಎರಡು ರಾತ್ರಿ ಮಳೆ ಬಂತು. ಬೆತ್ತಲೆ ಕಬ್ಬಿಣ, ತೇವಕ್ಕೆ ಡಿಸ್ಕುಗಳ ಮೇಲೆ ಅರಿಸಿನ ಬಳಿದ ಹಾಗೆ ತೆಳ್ಳಗೆ ತುಕ್ಕು ಕೂತಿತು. ಅದರಿಂದ ಏನೂ ಕೆಡುವುದಿಲ್ಲ. ಎರಡು ಸಲ ಬ್ರೇಕು ತುಳಿದರೆ ತಾನೇ ಉಜ್ಜಿ ಹೋಗುತ್ತದೆ. ಆದರೆ ಇದನ್ನು ಬಲ್ಲವನು ಒಬ್ಬನೇ. ಅವನು ಹಬ್ಬದ ಹಿಂದಿನ ಸಂಜೆ ಬೂದುಗುಂಬಳಕ್ಕೆಂದು ನನ್ನ ಜೊತೆ ಮಾರ್ಕೆಟ್ಟಿನಲ್ಲಿದ್ದ.

ಅಂಗಡಿಯಲ್ಲಿ ಇದ್ದದ್ದು ಅವನ ಹೆಂಡತಿ ಸಿದ್ದಲಿಂಗಮ್ಮ.

ಈಕೆಯ ವಿಷಯ ಹೇಳದಿದ್ದರೆ ಶಿವಲಿಂಗಯ್ಯನ ವಿಷಯ ಅರ್ಧ ಹೇಳಿದ ಹಾಗೆ. ಮದುವೆಯಾಗಿ ಬಂದ ವರ್ಷದಿಂದ, ಆಯುಧಪೂಜೆಯ ಹಿಂದಿನ ಸಂಜೆ ಅಂಗಡಿಯ ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚುವುದು ಆಕೆಯ ಕೆಲಸ. ಹಳೇ ಸೀರೆಯ ತುಂಡನ್ನು ಹರಳೆಣ್ಣೆಯಲ್ಲಿ ಅದ್ದಿ ಸ್ಪ್ಯಾನರು, ಸುತ್ತಿಗೆ, ಜಾಕಿ, ಬಾಗಿಲ ಚಿಲಕ, ಕಿಟಕಿಯ ಸರಳು, ಎಲ್ಲವನ್ನೂ ಮಗುವಿಗೆ ಎಣ್ಣೆನೀರು ಹಾಕುವ ಹಾಗೆ ತಿಕ್ಕಿ ತೀಡುತ್ತಿದ್ದಳು. ಒಂದು ವರ್ಷ ಬೆಂಚಿನ ಮೇಲೆ ತೂಕಡಿಸುತ್ತಿದ್ದ ನನ್ನ ಬೋಳುತಲೆಗೂ ಒಂದು ಕೈ ಆಗಿತ್ತು. ಅಂಗಡಿಯಲ್ಲಿ ತುಕ್ಕು ಎಂಬುದೇ ಇರಲಿಲ್ಲ. “ಇದೆಲ್ಲಾ ಇವಳ ಕೈಗುಣ” ಎಂದು ಗಂಡ ಬಂದವರಿಗೆಲ್ಲ ಹೇಳುತ್ತಿದ್ದ. ನಲವತ್ತು ವರ್ಷ ಆಕೆ ಎಷ್ಟು ಗಾಡಿಗಳಿಗೆ ಎಣ್ಣೆ ಹಚ್ಚಿದರೂ ಕೆಡುಕಾಗಿರಲಿಲ್ಲ. ಡ್ರಮ್ಮಿನ ಹೊರಗೆ ಒಂದು ಕೊಡ ಎಣ್ಣೆ ಸುರಿದರೂ ಒಳಗೆ ಒತ್ತಿ ಹಿಡಿಯುವ ಲೈನರಿಗೆ ಸುದ್ದಿ ಮುಟ್ಟುವುದಿಲ್ಲ.

ಆ ಸಂಜೆ ಆಕೆ ಎಡಗಡೆಯ ತಟ್ಟೆ ತುಕ್ಕು ಹಿಡಿದದ್ದನ್ನು ನೋಡಿದಳು. ಗಂಡ ಮೂರು ವಾರ ಮಾತುಬಿಟ್ಟು ಕೂರಿಸಿದ ತಟ್ಟೆ. ಕರುಳು ಚುರುಕ್ ಅಂದಿರಬೇಕು. ಹಿಂದೆ ಮುಂದೆ, ಅಂಚು ಸಂದು ಬಿಡದೆ, ಹಿಡಿತದ ಪ್ಯಾಡಿನ ಎಡೆಯಲ್ಲೂ ಬಟ್ಟೆ ತೂರಿಸಿ, ಕನ್ನಡಿಯಾಗುವ ತನಕ ತಿಕ್ಕಿದಳು. ಬಲಗಡೆಗೂ ಹಚ್ಚುತ್ತಿದ್ದಳು. ಗೋಡೆ ಅಡ್ಡ ಇತ್ತು, ಕೈ ಎಟುಕಲಿಲ್ಲ.

ಎರಡೂ ಕಡೆ ಹಚ್ಚಿದ್ದರೆ ಬ್ರೇಕು ಹಿಡಿಯುತ್ತಲೇ ಇರಲಿಲ್ಲ. ಮೊದಲ ತಿರುವಿನಲ್ಲೇ ಗೊತ್ತಾಗಿ ನಿಲ್ಲುತ್ತಿದ್ದರು. ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಗೋಡೆಯಂಥ ಹಿಡಿತ ಎಂದರೆ ಸಂಗತಿಯೇ ಬೇರೆ. ಮೆಲ್ಲಗೆ ತುಳಿದರೆ ಕಾರು ಸ್ವಲ್ಪ ಬಲಕ್ಕೆ ಎಳೆಯುತ್ತದೆ, ಅಷ್ಟೆ. ಜೋರಾಗಿ ತುಳಿದರೆ ಬಲಗಾಲಿನಲ್ಲಿ ನಿಂತು ಗಿರಕಿ ಹೊಡೆಯುತ್ತದೆ. ಬ್ರೇಕು ಎಷ್ಟು ಒಳ್ಳೆಯದೋ ಗಿರಕಿ ಅಷ್ಟು ಕೆಟ್ಟದು.

ಹಬ್ಬದ ದಿನ ಬುಧವಾರ. ಶಿವಲಿಂಗಯ್ಯ ಸ್ನಾನ ಮಾಡಿ, ಮಹಡಿಯ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ, ಮಡಿ ಪಂಚೆಯಲ್ಲಿ ಇಳಿದು ಬರುವಷ್ಟರಲ್ಲಿ ಹನ್ನೊಂದು ದಾಟಿತ್ತು. ಪೇಂಟಿನವರು ಬಂದು ಚಕ್ರಗಳನ್ನು ತಾವೇ ಹಾಕಿ ಕಾರನ್ನು ಬೀದಿಗೆ ತಂದು ನಿಲ್ಲಿಸಿದ್ದರು. ಹೊಸ ಬಣ್ಣ, ಚೆಂಡುಹೂವಿನ ಹಾರ, ಬಾನೆಟ್ಟಿಗೆ ಬಾಳೆಕಂದು. ಮೇಷ್ಟ್ರು ತಮ್ಮ ತಾಯಿ ಸುಂದರಮ್ಮನವರನ್ನು ಕರೆದುಕೊಂಡು ಬಂದಿದ್ದರು. ಆಯುಧಗಳ ಸಾಲಿನಲ್ಲಿ ತಮ್ಮದೂ ಒಂದು ಇರಲಿ ಎಂದು ಮೇಷ್ಟ್ರು ಮೊಬೈಲನ್ನು ಸುತ್ತಿಗೆಯ ಪಕ್ಕ ಇಟ್ಟರು. ಅದಕ್ಕೂ ಕುಂಕುಮ ಬಿತ್ತು.

ಮಂಗಳಾರತಿ ಆಯಿತು. ಕುಂಬಳಕಾಯಿ ಒಡೆಯಿತು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಕಾರನ್ನು ಮುಂದಕ್ಕೆ ಬಿಟ್ಟರು. ಮೂರು ಪಚಕ್ ಎಂದವು. ಎಡಮುಂದಿನ ಚಕ್ರದ್ದು ಮಾತ್ರ ಪುಟಿದು, ಇಡಿಯಾಗಿ ಉರುಳಿಕೊಂಡು ಚರಂಡಿ ಸೇರಿತು. ನಾನು ಶಕುನ ನಂಬುವವನಲ್ಲ. ಆದರೂ ಆ ಹಣ್ಣು ಹೋದ ದಿಕ್ಕನ್ನು ಯಾಕೆ ಅಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

“ಒಂದ್ನಿಮಿಷ ಮೇಷ್ಟ್ರೇ” ಎಂದ ಶಿವಲಿಂಗಯ್ಯ. “ನಾನೊಂದು ರೌಂಡು ತುಳ್ದು ನೋಡಿ ಕೊಟ್ಬುಡ್ತೀನಿ.”

ಒಳಗೆ ಕೂತಿದ್ದ ಸುಂದರಮ್ಮನವರು ಕಿಟಕಿಯಿಂದ ತಲೆ ಹಾಕಿದರು. “ಹನ್ನೆರಡಕ್ಕೆ ರಾಹುಕಾಲ ಕಣಪ್ಪ. ಅಷ್ಟರೊಳಗೆ ಬೀದಿ ದಾಟಿಬಿಡಬೇಕು. ಪೂಜೆ ಆದ ಗಾಡಿ ಮೊದಲು ಬೆಟ್ಟಕ್ಕೆ ಹೋಗಬೇಕು, ತಾಯಿಗೆ ತೋರಿಸಬೇಕು. ಸುಮ್ಮನೆ ಊರು ಸುತ್ತಿಸಬಾರದು.”

“ಐದೇ ನಿಮಿಷ ಅಮ್ಮಾ.”

“ಮೊನ್ನೆ ನಾಲ್ಕು ಸಲ ನೋಡಿದ್ದೀರಲ್ಲ, ಶಿವಲಿಂಗಯ್ಯನೋರೇ” ಎಂದರು ಮೇಷ್ಟ್ರು. “ಅಮ್ಮ ಬೆಳಗ್ಗೆಯಿಂದ ಏನೂ ತಿಂದಿಲ್ಲ.”

ಹನ್ನೆರಡಕ್ಕೆ ಏಳು ನಿಮಿಷವಿತ್ತು. ಶಿವಲಿಂಗಯ್ಯ ಗಡಿಯಾರ ನೋಡಿದ, ಆ ಮುದುಕಿಯ ಒಣಗಿದ ತುಟಿ ನೋಡಿದ, ತನ್ನ ಮಡಿ ಪಂಚೆ ನೋಡಿಕೊಂಡ. ಒಂದು ಹೆಜ್ಜೆ ಹಿಂದಕ್ಕೆ ಸರಿದ. ನಲವತ್ತಮೂರು ವರ್ಷದಲ್ಲಿ ಅವನು ಹಾಗೆ ಹಿಂದೆ ಸರಿದದ್ದು ಅದೊಂದೇ ಸಲ.

ಕಾರು ಹೋಯಿತು.

ಒಂದೂವರೆಗೆ ಮಹಡಿಯ ಮೇಲೆ ಎಲೆ ಹಾಕಿ ಕೋಸಂಬರಿ, ಒಬ್ಬಟ್ಟು ಬಡಿಸಿದರು. ನಾನು ಮೂರನೇ ಒಬ್ಬಟ್ಟಿನಲ್ಲಿದ್ದೆ. ಸಿದ್ದಲಿಂಗಮ್ಮ ತುಪ್ಪ ಹಾಕುತ್ತ ಗಂಡನಿಗೆ ಹೇಳಿದಳು:

“ನೀವೇನೋ ಹೊಸದು ಹೊಸದು ಅಂತ ಕುಣಿದ್ರಿ. ಆ ತಟ್ಟೆ ನೋಡಿದ್ರೆ ಎರಡೇ ದಿನಕ್ಕೆ ತುಕ್ಕು. ನಾನು ನೋಡ್ದಿದ್ರೆ ಹಂಗೇ ಕಳಿಸ್ಬುಡ್ತಿದ್ರಿ.”

ಶಿವಲಿಂಗಯ್ಯನ ಕೈ ಎಲೆಯ ಮೇಲೆ ನಿಂತಿತು. “ಯಾವ ತಟ್ಟೆ?”

“ಚಕ್ರದ್ದು ಕಣ್ರೀ. ಹಿಂದುಮುಂದು ಎಣ್ಣೆ ಹಚ್ಚಿ ತಿಕ್ದೆ. ಮುಖ ಕಾಣಿಸ್ತಿತ್ತು! ಈಚೆ ಕಡೇದು ಒಂದೇ. ಗೋಡೆ ಕಡೇದಕ್ಕೆ ಕೈ ಹೋಗ್ಲಿಲ್ಲ.”

ಸಿಟ್ಟು ಬಂದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವನು ಆಕೆಯನ್ನು ನೋಡಿದ, ಮೆಲ್ಲಗೆ “ಹೌದಾ” ಎಂದ, ಕೈಯನ್ನೂ ತೊಳೆಯದೆ ಎದ್ದ. ಮೆಟ್ಟಿಲು ಇಳಿಯುತ್ತ ಮೇಷ್ಟ್ರಿಗೆ ಫೋನು ಹಚ್ಚಿದ. ಕೆಳಗೆ ಅಂಗಡಿಯಲ್ಲಿ ಸುತ್ತಿಗೆಯ ಪಕ್ಕ, ಕುಂಕುಮ ಇಟ್ಟುಕೊಂಡ ಮೊಬೈಲು ಗುಂಯ್ ಎಂದು ನಡುಗತೊಡಗಿತು. ಅವರು ಅಲ್ಲೇ ಮರೆತು ಹೋಗಿದ್ದರು.

“ಶಿವರಾಮು, ಹತ್ತು” ಎಂದ.

ನನ್ನ ತೂಕ ತೊಂಬತ್ತೆರಡು ಕಿಲೋ, ಆವತ್ತಿನ ಒಬ್ಬಟ್ಟು ಬೇರೆ. ಮೊಪೆಡ್ಡಿನ ಹಿಂದೆ ನಾನು ಕೂತರೆ ಮುಂದಿನ ಚಕ್ರ ಆಕಾಶ ನೋಡುತ್ತದೆ. ಆದರೂ ನಜರ್‌ಬಾದು ಹೇಗೆ ದಾಟಿತೋ ಕಾಣೆ. ಊರಿನ ಗಾಡಿಗಳೆಲ್ಲ ಹಾರ ಹಾಕಿಕೊಂಡು ಬೀದಿಗೆ ಬಿದ್ದಿದ್ದವು. ಎಲ್ಲವೂ ಬೆಟ್ಟದ ಕಡೆಗೇ ಹೊರಟ ಹಾಗಿತ್ತು. ಹಬ್ಬದ ಸಂಭ್ರಮವೇ ನಮಗೆ ಅಡ್ಡ ಬಂದು ನಿಂತಿತ್ತು. ಅವನು ಮಾತ್ರ ಒಂದೇ ಸಮನೆ, ಪಾಠ ಒಪ್ಪಿಸುವವನ ಹಾಗೆ, ಮುಂದೆ ನೋಡಿಕೊಂಡು ಹೇಳುತ್ತಿದ್ದ:

“ಹತ್ತೋವಾಗ ಏನೂ ಆಗಲ್ಲ. ಹತ್ತೋವಾಗ ಯಾರು ಬ್ರೇಕ್ ತುಳೀತಾರೆ? ಇಳಿಯೋವಾಗ. ಅವರಪ್ಪನ ಥರಾನೇ ಮೇಷ್ಟ್ರೂ ಇಳಿಜಾರಲ್ಲಿ ಗೇರ್ ತೆಗೆದ್ಬುಟ್ಟು, ನ್ಯೂಟ್ರಲ್ನಲ್ಲಿ ಬಿಡ್ತಾರೆ. ಪೆಟ್ರೋಲ್ ಉಳೀತದೆ ಅಂತ. ಪೂರ್ತಿ ಭಾರ ಬ್ರೇಕಿನ ಮೇಲೆ. ಹಳೇ ಡ್ರಮ್ಮಾಗಿದ್ರೆ ಸುಮ್ನೆ ಎಳೆದಾಡ್ತಿತ್ತು. ನಾನು ಹಾಕಿರೋದು ಎಂಥ ಬ್ರೇಕು ಅಂತ ನೀನೇ ನೋಡಿದ್ಯಲ್ಲ...”

ನಾನು ಅವನ ಸೊಂಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ.

ತಾವರೆಕಟ್ಟೆ ದಾಟಿ ಬೆಟ್ಟದ ರಸ್ತೆ ಹಿಡಿದೆವು. ಮೊಪೆಡ್ಡು ಏದುಸಿರು ಬಿಡುತ್ತ ಹತ್ತುತ್ತಿತ್ತು. ಎದುರಿಗೆ ಇಳಿದು ಬರುವ ಒಂದೊಂದು ಗಾಡಿಯನ್ನೂ ನೋಡುತ್ತಿದ್ದೆವು. ಬಿಳಿಯದೇನಾದರೂ ಕಂಡರೆ ನನ್ನ ಎದೆ ಹೊಟ್ಟೆಗೆ ಇಳಿಯುತ್ತಿತ್ತು. ಅಂಬಾಸಿಡರ್ ಅಲ್ಲ ಎಂದು ತಿಳಿದರೆ ಮತ್ತೆ ಹತ್ತುತ್ತಿತ್ತು. ಆ ಹತ್ತು ನಿಮಿಷದಲ್ಲಿ ನನ್ನ ಎದೆ ಬೆಟ್ಟದ ಸಾವಿರ ಮೆಟ್ಟಿಲನ್ನೂ ಹತ್ತಿ ಇಳಿದಿರಬೇಕು.

ಮೂರನೆಯ ತಿರುವಿನ ಮೇಲುಗಡೆ, ಮರಗಳ ಸಂದಿಯಲ್ಲಿ ಬಾಳೆಕಂದು ಕಂಡಿತು. ಕೆನೆಬಣ್ಣದ ಬಾನೆಟ್ಟು ಸದ್ದಿಲ್ಲದೆ ಇಳಿದು ಬರುತ್ತಿತ್ತು. ನ್ಯೂಟ್ರಲ್.

“ಬಂದ್ರು! ಕೈ ತೋರ್ಸೋ!” ಎಂದು ನಾನು ಎರಡೂ ಕೈ ಎತ್ತಿದೆ.

ಶಿವಲಿಂಗಯ್ಯ ನನ್ನ ಕೈಯನ್ನು ಕೆಳಕ್ಕೆ ಎಳೆದ. ಮೊಪೆಡ್ಡನ್ನು ಕಟ್ಟೆಯ ಪಕ್ಕದ ದೊಡ್ಡ ಮರದ ಹಿಂದಕ್ಕೆ ನುಗ್ಗಿಸಿ, ನನ್ನ ತಲೆಯನ್ನೂ ಬಗ್ಗಿಸಿ ಹಿಡಿದ.

“ಏನೋ ಮಾಡ್ತಿದ್ದೀಯ?”

“ನನ್ನ ಕಂಡ್ರೆ ಮೇಷ್ಟ್ರು ನಿಲ್ಲಿಸ್ತಾರೆ ಕಣೋ” ಎಂದು ಪಿಸುಗುಟ್ಟಿದ. “ಗೌರವಸ್ಥರು. ಗಬಕ್ ಅಂತ ತುಳೀತಾರೆ. ಇಲ್ಲಿ ತುಳಿದ್ರೆ ಎಲ್ಲಿಗೋಗ್ತಾರೆ ನೋಡು.”

ನೋಡಿದೆ. ನಮ್ಮ ಬೆನ್ನ ಹಿಂದೆ ಮೊಣಕಾಲೆತ್ತರದ ಕಲ್ಲುಕಟ್ಟೆ. ಅದರಾಚೆ ಆಕಾಶ, ಆಕಾಶದ ಕೆಳಗೆ ಬಹಳ ದೂರದಲ್ಲಿ ಮೈಸೂರು. ಇಳಿಯುವವರಿಗೆ ಅದು ಬಲಗಡೆ.

ಹೀಗೆ, ಯಾರನ್ನು ನಿಲ್ಲಿಸಲೆಂದು ಒಬ್ಬಟ್ಟು ಬಿಟ್ಟು ಓಡಿ ಬಂದಿದ್ದೆವೋ ಅವರು ಬಂದಾಗ ನಾವು ಇಬ್ಬರು ಮುದುಕರು ಮರದ ಹಿಂದೆ ಕಣ್ಣಾಮುಚ್ಚಾಲೆಯ ಹುಡುಗರಂತೆ ಅವಿತು ಕೂತೆವು. ಕಾರು ಹೋಯಿತು. ಮೇಷ್ಟ್ರು ತಾಯಿಗೆ ಏನೋ ತೋರಿಸುತ್ತಿದ್ದರು. ತಿರುವಿನಲ್ಲಿ ಮೆಲ್ಲಗೆ ಬ್ರೇಕಿನ ದೀಪ ಹತ್ತಿತು. ಕಾರಿನ ಮೂತಿ ಬಲಕ್ಕೆ ಹೊರಳಿ, ಮತ್ತೆ ಎಡಕ್ಕೆ ಬಂತು, ಹಗ್ಗ ಜಗ್ಗಿದ ಹೋರಿಯ ಹಾಗೆ.

ಶಿವಲಿಂಗಯ್ಯ ಮೊಪೆಡ್ಡು ತಿರುಗಿಸಿದ. “ನೀನು ಇಳಿ ಬೇಕಾದ್ರೆ.”

ಇಳಿಯುವವನಿದ್ದೆ. ಕಾಲು ಮಾತು ಕೇಳಲಿಲ್ಲ. ಶೌರ್ಯ ಎಂದು ಯಾರೂ ತಿಳಿಯಬೇಡಿ.

ಇಳಿಜಾರಿನಲ್ಲಿ ನನ್ನ ತೂಕವೇ ಇಂಜಿನ್ನಾಯಿತು. ಎರಡು ಫರ್ಲಾಂಗಿನಲ್ಲಿ ಕಾರನ್ನು ಹಿಡಿದೆವು. ಅವನು ಎದುರು ಬರುವವರ ದಾರಿಗೇ ನುಗ್ಗಿ, ಮೇಷ್ಟ್ರ ಕಿಟಕಿಯ ಪಕ್ಕಕ್ಕೆ, ಅಂದರೆ ಕಾರಿನ ಬಲಗಡೆಗೆ, ಸರಿಯಾಗಿ ಕಾರು ಎಗರಬೇಕಾದ ಜಾಗಕ್ಕೇ ಮೊಪೆಡ್ಡು ತಂದ. ಅಲ್ಲಿ ಯಾಕೆ ಹೋದ ಎಂದು ಆಮೇಲೆ ಕೇಳಿದ್ದೇನೆ. “ನಾನು ಅಲ್ಲಿದ್ರೆ ಅವರು ಜೋರಾಗಿ ತುಳಿಯೋಕೆ ಹೆದರ್ತಾರೆ” ಅಂದಿದ್ದ.

“ಮೇಷ್ಟ್ರೇ, ನಮಸ್ಕಾರ. ನಿಲ್ಲಿಸ್ಬೇಡಿ.” ಅವನ ದನಿ ಮಗುವನ್ನು ಮಲಗಿಸುವವನ ದನಿ.

“ಅರೆ, ಶಿವಲಿಂಗಯ್ಯನೋರೇ! ಇದೇನು ಇಲ್ಲಿ? ಬ್ರೇಕು ಸ್ವಲ್ಪ ಬಲಕ್ಕೆ ಎಳೀತಿದೆಯಲ್ಲ, ಹೊಸದರಲ್ಲಿ ಹೀಗೇನಾ?”

“ಹೂಂ, ಹೊಸದ್ರಲ್ಲಿ ಹೀಗೇ. ಬ್ರೇಕಿಂದ ಕಾಲು ತೆಗೀರಿ. ಪೂರ್ತಿ ತೆಗೀರಿ. ಮೂರನೇ ಗೇರು ಹಾಕಿ.”

ಮೇಷ್ಟ್ರು ಕಾಲು ತೆಗೆದರು. ಗೇರು ಕಿರ್ರ್ ಎಂದು ಬಿತ್ತು. ಕಾರು ಗೊಣಗಿತು.

“ಎರಡನೇದು ಹಾಕಿ. ನಿಧಾನ. ಈಗ ಹ್ಯಾಂಡ್‌ಬ್ರೇಕು, ಒಂದೊಂದೇ ಹಲ್ಲು. ಹಿಂದಿನ ಎರಡೂ ಚಕ್ರ ನನ್ನ ಹಳೇ ಕೆಲಸ, ಅವು ಮೋಸ ಮಾಡಲ್ಲ.”

ಆ ಕಡೆಯ ಸೀಟಿನಿಂದ ಸುಂದರಮ್ಮನವರು ಬಗ್ಗಿ ನೋಡಿ, “ಪ್ರಸಾದ ತಗೊಳ್ಳಪ್ಪ” ಎಂದು ಕಿಟಕಿಯ ಕಡೆ ಬಾಳೆಹಣ್ಣು ಚಾಚಿದರು.

“ಕೆಳಗೆ ಹೋಗಿ ತಗೋತೀನಿ ಅಮ್ಮಾ.”

ವೇಗ ಕುಗ್ಗಿತು. ಜೋರು ನಡಿಗೆಯಷ್ಟಾಯಿತು. ನಾನು ಉಸಿರು ಬಿಟ್ಟೆ. ತಾವರೆಕಟ್ಟೆಯ ಎಂಟು ದಿಕ್ಕಿನ ಎಲೆಯೂ ಅಲುಗಾಡುವಂಥ ಉಸಿರು. ಆಗ ಎಡಗಡೆಯ ಪೊದೆಯಿಂದ ಒಂದು ಕೋತಿ, ಮರಿಯನ್ನು ಹೊಟ್ಟೆಗೆ ಅವಚಿಕೊಂಡು, ಕಾರಿನ ಎದುರಿಗೇ ನೆಗೆದು, ಬಾನೆಟ್ಟಿನ ಬಾಳೆಕಂದನ್ನು ನೋಡುತ್ತ ನಿಂತುಬಿಟ್ಟಿತು.

ಇರುವೆಗೂ ಹಾರನ್ ಹೊಡೆಯುವ ಮನುಷ್ಯ. ಅವರ ಕಾಲು ಅವರನ್ನು ಕೇಳಲಿಲ್ಲ.

ಕಾರು ಬಲಕ್ಕೆ ತಿರುಗಿದ್ದು ನನಗೆ ಕಾಣಲಿಲ್ಲ. ಆಕಾಶ ಕಂಡಿತು. ಆಮೇಲೆ ಲಂಟಾನದ ಪೊದೆ ಕಂಡಿತು. ನಾನು ಕಟ್ಟೆ ಹಾರಿ, ಪುಣ್ಯಕ್ಕೆ ಅಲ್ಲಿ ಕಮರಿ ಇಲ್ಲದೆ, ಅದರೊಳಗೆ ಇಳಿದಿದ್ದೆ. ಎದ್ದು ನೋಡಿದರೆ ಕಾರು ರಸ್ತೆಗೆ ಅಡ್ಡಲಾಗಿ, ಮೂತಿಯನ್ನು ಕಟ್ಟೆಗೆ ಒತ್ತಿಕೊಂಡು ನಿಂತಿತ್ತು. ಕಾರಿಗೂ ಕಟ್ಟೆಗೂ ನಡುವೆ ಮೊಪೆಡ್ಡು. ಮೊಪೆಡ್ಡಿಗೂ ಕಟ್ಟೆಗೂ ನಡುವೆ ಶಿವಲಿಂಗಯ್ಯನ ಬಲಗಾಲು. ಸುಂದರಮ್ಮನವರಿಗೆ ಒಂದು ಗೀರೂ ಇರಲಿಲ್ಲ. ಬಾಳೆಹಣ್ಣು ಇನ್ನೂ ಕೈಯಲ್ಲೇ ಇತ್ತು.

ಕೂಗಿದವರು ನಾವೆಲ್ಲ. ಅವನು ಕೂಗಲಿಲ್ಲ.

ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಎರಡು ಕಡೆ ರಾಡು ಹಾಕಿದರು. ಇನ್ನು ಆ ಕಾಲು ನಡೆಸುತ್ತದೆ, ಒತ್ತಿ ತುಳಿಯಲು ಆಗುವುದಿಲ್ಲ ಎಂದರು ಡಾಕ್ಟರು. ಅವನ ಉದ್ಯೋಗ ಅವರಿಗೆ ಗೊತ್ತಿರಲಿಲ್ಲ. ಮೂರನೆಯ ದಿನ ಮೇಷ್ಟ್ರು ಬಂದು ಮಂಚದ ಪಕ್ಕ ತಲೆ ತಗ್ಗಿಸಿ ನಿಂತರು. ಸಿದ್ದಲಿಂಗಮ್ಮ ಗಂಡನಿಗೆ ಗಂಜಿ ಕುಡಿಸುತ್ತಿದ್ದಳು. ಆ ಮೂರು ದಿನವೂ ಆಕೆ ನಮ್ಮ ಯಾರ ಹತ್ತಿರವೂ ಏನೂ ಕೇಳಿರಲಿಲ್ಲ.

“ಮೇಷ್ಟ್ರೇ” ಎಂದ ಶಿವಲಿಂಗಯ್ಯ. “ನೀವು ತುಳಿದ ಜಾಗದಿಂದ ಗಾಡಿ ನಿಂತ ಜಾಗಕ್ಕೆ ಎಷ್ಟು ದೂರ?”

“ಎರಡು ಮಾರು ಇರಬಹುದು. ಅದೆಲ್ಲ ಈಗ ಯಾಕೆ, ಶಿವಲಿಂಗಯ್ಯನೋರೇ?”

“ಎರಡೇ ಮಾರಾ? ಅದೂ ಒಂದೇ ಕಡೆ ಹಿಡಿದು?” ಅವನು ಕಣ್ಣು ಮುಚ್ಚಿ ಏನೋ ಲೆಕ್ಕ ಹಾಕಿದ. “ಹಾಗಾದ್ರೆ ಬಲಗಡೆ ಕೆಲಸ ಚೆನ್ನಾಗೇ ಬಂದದೆ.”

ಸಿದ್ದಲಿಂಗಮ್ಮ ಲೋಟವನ್ನು ಕೆಳಗಿಟ್ಟಳು.

“ಎಡಗಡೆ?” ಅಂದಳು.

ಮೇಷ್ಟ್ರಿಗೆ ಏನೂ ಗೊತ್ತಿರಲಿಲ್ಲ, ನನಗೆ ಎಲ್ಲ ಗೊತ್ತಿತ್ತು. ಇಬ್ಬರೂ ಕಿಟಕಿಯ ಕಡೆಗೆ ನೋಡಿದೆವು.

“ಎಡಗಡೇದನ್ನ ನಾನು ತುಳಿದು ನೋಡಿರಲಿಲ್ಲ” ಎಂದ ಶಿವಲಿಂಗಯ್ಯ.

“ಸುಳ್ಳು ಹೇಳ್ಬೇಡಿ. ನಾನು ಹಚ್ಚಿದ ಎಣ್ಣೆಯಿಂದ ತಾನೇ?” ಎಂದಳು. “ಊಟದ ಎಲೆ ಬಿಟ್ಟು ಎದ್ದೋದ್ರಲ್ಲ, ಆವಾಗ್ಲೇ ಗೊತ್ತಾಯ್ತು. ಇನ್ಮೇಲೆ ನಾನು ಆ ಅಂಗಡಿ ಕಡೆ ತಲೆ ಹಾಕಲ್ಲ.”

“ಬರ್ಬೇಕು ಕಣೇ. ನನ್ನ ಕಾಲಂತೂ ಹೋಯ್ತು. ತುಳಿದು ನೋಡೋಕೆ ಒಂದು ಕಾಲು ಬೇಕಲ್ಲ.”

“ನಂಗೆ ಬ್ರೇಕು ಯಾವುದು, ಇನ್ನೊಂದು ಯಾವುದು ಅಂತಾನೂ ಗೊತ್ತಿಲ್ಲ!”

ಶಿವಲಿಂಗಯ್ಯ ದಿಂಬಿಗೆ ಒರಗಿ ಎದ್ದು ಕೂತ.

“ನಿಂಗೆ ಗೊತ್ತಾ ಅಂತ ನಾನು ಒಂದು ದಿನಾನೂ ಕೇಳಿರಲಿಲ್ಲ” ಎಂದ. “ನಲವತ್ತು ವರ್ಷ ಒಂದೇ ಅಂಗಡೀಲಿ ಇಬ್ರೂ ಇದ್ವಿ. ಯಾವುದಕ್ಕೆ ಎಣ್ಣೆ ಹಚ್ಬಾರ್ದು ಅಂತ ನಾನು ನಿಂಗೆ ಹೇಳ್ಕೊಡಲಿಲ್ಲ. ಬಾ, ಹತ್ರ ಕೂತ್ಕೋ. ಮೇಷ್ಟ್ರೇ, ನಿಮ್ಮ ಆ ಪೆನ್ನು ಕೊಡಿ ಇಲ್ಲಿ.”

ಕಾಲಿನ ಬಿಳೀ ಪ್ಲಾಸ್ಟರಿನ ಮೇಲೆ ಅವನು ದೊಡ್ಡದಾಗಿ ಒಂದು ಚಕ್ರ ಬರೆದ. ಅದರೊಳಗೆ ಒಂದು ತಟ್ಟೆ ಬರೆದ. ಸಿದ್ದಲಿಂಗಮ್ಮ ಕಣ್ಣು ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು.